ಕುದುರೆಯಲ್ಲಿ ಎರಡು ದಿನದ ದಾರಿ: ಹಾರರ್ ವೆಸ್ಟರ್ನ್ ಆಟ ನಡೆಸುವ ಹೊಸಬರಿಗೊಂದು ಸಮಗ್ರ ಮಾರ್ಗದರ್ಶಿ

ನಾನು ಮೊದಲ ಸಲ ಗೇಮ್ ಮಾಸ್ಟರ್ ಆಗಿ, ಅಂದರೆ ಮೇಜಿನ ಸುತ್ತ ಕೂತು ಆಡುವ ರೋಲ್‌ಪ್ಲೇಯಿಂಗ್ ಆಟದ ಕಥೆ ನಡೆಸುವವನಾಗಿ, ಕೂತಿದ್ದು ಶಿವಮೊಗ್ಗದಲ್ಲಿ, ಗೆಳೆಯನೊಬ್ಬನ ಮನೆಯ ಮಹಡಿ ಮೇಲೆ, ಜುಲೈ ತಿಂಗಳ ಒಂದು ಶನಿವಾರ ಸಂಜೆ. ಕಥೆ ನಡೆಯುವುದು ಅರಿಜೋನಾದ ಒಂದು ಬರಪೀಡಿತ ಊರಿನಲ್ಲಿ. ಮೂರು ವರ್ಷದಿಂದ ಅಲ್ಲಿ ಹನಿ ನೀರು ಬಿದ್ದಿಲ್ಲ. ‘ಬಾವಿಯ ತಳದಲ್ಲಿ ಬರೀ ಬಿರುಕು ಬಿಟ್ಟ ಮಣ್ಣು...’ ಎಂದು ದನಿ ತಗ್ಗಿಸಿ ಶುರು ಮಾಡಿದೆ. ತಲೆ ಮೇಲಿನ ಶೀಟಿಗೆ ಮಳೆ ಧೋ ಎಂದು ಬಡಿಯುತ್ತಿತ್ತು. ‘ಎಂತ ಬಿರುಕು ಮಾರಾಯಾ, ಜೋರಾಗಿ ಹೇಳು, ಕೇಳ್ತಿಲ್ಲ’ ಎಂದ ಎದುರು ಕೂತವನು. ಅಲ್ಲಿಗೆ ಬರಗಾಲ ಮುಗಿಯಿತು.

ಇಪ್ಪತ್ತೇಳು ಪುಟ ಬರೆದುಕೊಂಡು ಹೋಗಿದ್ದೆ. ಗಣಿಯೊಳಗೆ ಏನಿದೆ, ಅದರ ಮುನ್ನೂರು ವರ್ಷದ ಇತಿಹಾಸವೇನು, ಎಲ್ಲ. ನನ್ನ ನಾಲ್ಕು ಆಟಗಾರರು ಗಣಿಯ ಬಾಗಿಲಿಗೂ ಹೋಗಲಿಲ್ಲ. ಒಂದು ಹೇಸರಗತ್ತೆಯ ಬೆಲೆ ಇಳಿಸಲು ಎರಡು ಗಂಟೆ ಚೌಕಾಸಿ ಮಾಡಿದರು. ಭಯ ಎಂಬುದು ಆ ರಾತ್ರಿ ಒಂದೇ ಸಲ ಬಂದದ್ದು, ಅದೂ ನನ್ನ ಪುಟಗಳಿಂದಲ್ಲ. ಕರೆಂಟ್ ಹೋಗಿ ಮೇಣದ ಬತ್ತಿ ಹಚ್ಚುವಾಗ ಒಬ್ಬಳು ಸುಮ್ಮನೆ ಕೇಳಿದಳು: ‘ಇಲ್ಲಿಂದ ಹತ್ತಿರದ ಊರು ಎಷ್ಟು ದೂರ?’ ನಾನೂ ಸುಮ್ಮನೆ ಹೇಳಿದೆ: ‘ಕುದುರೆಯಲ್ಲಿ ಎರಡು ದಿನ.’ ಯಾರೂ ಮಾತಾಡಲಿಲ್ಲ. ಹೇಸರಗತ್ತೆಯ ಚೌಕಾಸಿ ಮಾಡುತ್ತಿದ್ದವನು ತನ್ನ ಹಾಳೆಯಲ್ಲಿ ಎಷ್ಟು ಗುಂಡು ಉಳಿದಿದೆ ಎಂದು ಎಣಿಸಿದ.

ಈಗ ನಾನು ಆಟ ಕಟ್ಟುವುದೆಲ್ಲ ಆ ಒಂದು ನಿಮಿಷದ ಮೇಲೆ.

ಮೊದಲು, ಇದು ಎಂಥ ಆಟ

ತಾಳಮದ್ದಳೆ ನೋಡಿದವರಿಗೆ ಅರ್ಧ ವಿವರಣೆ ಉಳಿಯುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರ. ಪ್ರಸಂಗ ಗೊತ್ತಿರುತ್ತದೆ, ಆದರೆ ಕೃಷ್ಣ ಏನು ಹೇಳುತ್ತಾನೆ, ಕೌರವ ಏನು ತಿರುಗಿಸಿ ಕೊಡುತ್ತಾನೆ ಎಂಬುದು ಆ ಕ್ಷಣ ಹುಟ್ಟುವುದು. ರೋಲ್‌ಪ್ಲೇಯಿಂಗ್ ಆಟದಲ್ಲಿ ಆಟಗಾರರು ಅರ್ಥಧಾರಿಗಳು, ಗೇಮ್ ಮಾಸ್ಟರ್ ಭಾಗವತ. ವ್ಯತ್ಯಾಸ ಎರಡೇ. ಪ್ರಸಂಗದ ಕೊನೆ ಇಲ್ಲಿ ಯಾರಿಗೂ ಗೊತ್ತಿಲ್ಲ, ಮತ್ತು ಅನುಮಾನ ಇದ್ದಲ್ಲಿ ದಾಳ ತೀರ್ಮಾನಿಸುತ್ತದೆ. ಅರ್ಥ ಎಳೆದಾಡಿದಾಗ ಭಾಗವತ ಮುಂದಿನ ಪದ್ಯ ಎತ್ತುತ್ತಾನಲ್ಲ, ಆ ಅಧಿಕಾರ ನಿಮ್ಮದು. ನನಗದು ಮೊದಲ ದಿನ ಹೊಳೆದಿದ್ದರೆ ಹೇಸರಗತ್ತೆ ಹತ್ತು ನಿಮಿಷದಲ್ಲಿ ಮಾರಾಟವಾಗುತ್ತಿತ್ತು.

ವೆಸ್ಟರ್ನ್ ಎಂದರೆ ಸುಮಾರಾಗಿ 1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದಲ್ಲಿಂದ, ‘ಗಡಿನಾಡು (ವಲಸಿಗರ ವಸತಿ ಮುಗಿಯುವ ಅಂಚು) ಎಂಬುದು ಇನ್ನಿಲ್ಲ’ ಎಂದು ಅಲ್ಲಿನ ಜನಗಣತಿಯವರು ಹೇಳಿದ 1890ರವರೆಗಿನ ಪಶ್ಚಿಮದ ಕಥೆ. ಅದಕ್ಕೆ ಮನುಷ್ಯನ ಲೆಕ್ಕಕ್ಕೆ ಸಿಗದ್ದೊಂದನ್ನು ಸೇರಿಸಿದರೆ ಹಾರರ್ ವೆಸ್ಟರ್ನ್.

ಹಂತ 1: ನಿಯಮ ಚಿಕ್ಕದಿರಲಿ

ಈ ಬಗೆಯಲ್ಲಿ ಹೆಸರು ಮಾಡಿದ್ದು 1996ರಲ್ಲಿ ಬಂದ ಡೆಡ್‌ಲ್ಯಾಂಡ್ಸ್. ಅದರಲ್ಲಿ ಗೇಮ್ ಮಾಸ್ಟರನ್ನು ಮಾರ್ಷಲ್ ಎಂದೇ ಕರೆಯುತ್ತಾರೆ, ದಾಳದ ಜೊತೆಗೆ ಇಸ್ಪೀಟ್ ಎಲೆ, ಪೋಕರ್ ಚಿಪ್‌ಗಳೂ ಬೇಕು. ಚೆನ್ನಾಗಿದೆ. ಆದರೆ ಮೊದಲ ಸಲವೇ ದಪ್ಪ ರೂಲ್ಸ್ ಬುಕ್ ಹಿಡಿದರೆ ನಿಮ್ಮ ಕಣ್ಣು ಪುಟದ ಮೇಲಿರುತ್ತದೆ, ಆಟಗಾರರ ಮುಖದ ಮೇಲಲ್ಲ. ಭಯ ನಡೆಯುವುದು ಮುಖದ ಮೇಲೆ.

ನಾನು ಹೊಸಬರಿಗೆ ಕೊಡುವುದು ಇಷ್ಟೇ. ಲೂಡೋ ಡಬ್ಬಿಯ ಆರು ಮುಖದ ಎರಡು ದಾಳ. ಪ್ರತಿ ಪಾತ್ರಕ್ಕೂ ನಾಲ್ಕು ಗುಣ: ಮೈಬಲ, ಕೈಚಳಕ, ಕಣ್ಣು, ಗುಂಡಿಗೆ. ಅವಕ್ಕೆ +2, +1, 0, -1 ಹಂಚಿಕೊಳ್ಳಲಿ. ದಾಳ ಎಸೆದು ಗುಣ ಕೂಡಿಸಿ. ಮೊತ್ತ ಆರು ಅಥವಾ ಕಡಿಮೆಯಾದರೆ ಕೆಟ್ಟಿತು. ಏಳರಿಂದ ಒಂಬತ್ತಾದರೆ ಕೆಲಸ ಆಗುತ್ತದೆ, ಆದರೆ ಏನೋ ಒಂದು ಕಳೆದುಕೊಳ್ಳಬೇಕು. ಹತ್ತು ಅಥವಾ ಹೆಚ್ಚಾದರೆ ಪೂರ್ತಿ ಗೆದ್ದಂತೆ.

ಸ್ವಲ್ಪ ಲೆಕ್ಕ ನೋಡಿ. ಎರಡು ದಾಳಕ್ಕೆ 36 ಸಾಧ್ಯತೆ. ಗುಣ ಸೊನ್ನೆಯಿದ್ದರೆ 15ರಲ್ಲಿ ಸೋಲು, 15ರಲ್ಲಿ ನಷ್ಟದ ಗೆಲುವು, ಆರರಲ್ಲಿ ಮಾತ್ರ ಪೂರ್ಣ ಗೆಲುವು. ಗುಣ +1 ಆದರೆ ಅದೇ 10, 16, 10 ಆಗುತ್ತದೆ. ಎರಡರಲ್ಲೂ ಮಧ್ಯದ ಪಾಲು ದೊಡ್ಡದೇ. ಹಾರರ್‌ಗೆ ಬೇಕಾದದ್ದು ಅದೇ ಮಧ್ಯ: ಬಾಗಿಲು ಹಾಕಿದೆ ನಿಜ, ಆದರೆ ಲಾಟೀನು ಆಚೆ ಕಡೆ ಉಳಿಯಿತು.

ಹಂತ 2: ಆಡುವ ಮುಂಚೆ ಒಂದು ಸಂಜೆ ಮಾತಾಡಿ

ಇದಕ್ಕೆ ಸೆಷನ್ ಜೀರೋ ಎನ್ನುತ್ತಾರೆ. ದಾಳ ಬೇಡ, ಮಂಡಕ್ಕಿ ಇದ್ದರೆ ಸಾಕು. ‘ಯಾವ ವಿಷಯ ಬೇಡವೇ ಬೇಡ? ಯಾವುದು ನಡೆಯಲಿ ಆದರೆ ಕಣ್ಣಿಗೆ ಕಟ್ಟುವಂತೆ ಹೇಳಬಾರದು?’ ಎಂದು ನೇರವಾಗಿ ಕೇಳಿ. ಕಾರಣ ಕೇಳಬೇಡಿ. ನನ್ನ ಎರಡನೇ ಆಟದಲ್ಲಿ ಬಾವಿಗೆ ಬಿದ್ದ ಮಗುವಿನ ಕಥೆ ಇತ್ತು. ಒಬ್ಬ ಆಟಗಾರ ‘ಮಕ್ಕಳ ಸಾವು ಬೇಡ’ ಎಂದ, ಅಷ್ಟೇ. ಬಾವಿಯಲ್ಲಿ ಮಗುವಿನ ಬದಲು ಊರಿನ ಚರ್ಚಿನ ಗಂಟೆ ಬಿದ್ದಿದೆ ಎಂದು ಬದಲಾಯಿಸಿದೆ. ರಾತ್ರಿ ಬಾವಿಯೊಳಗಿಂದ ಗಂಟೆ ಬಡಿಯುವುದು ಮಗುವಿಗಿಂತ ಹತ್ತು ಪಟ್ಟು ಚೆನ್ನಾಗಿತ್ತು. ಸುಲಭಕ್ಕೆ ಸಿಗುವ ಭಯವನ್ನು ಯಾರಾದರೂ ಕಿತ್ತುಕೊಂಡರೆ ನಿಮಗೇ ಲಾಭ.

ಮೇಜಿನ ನಡುವೆ ಗುಣಿಸು ಗುರುತು ಬರೆದ ಒಂದು ಚೀಟಿಯನ್ನೂ ಇಡಿ. ಎಕ್ಸ್ ಕಾರ್ಡ್ ಎಂದು ಎಲ್ಲ ಕಡೆ ಬಳಕೆಯಲ್ಲಿದೆ. ಯಾರು ಮುಟ್ಟಿದರೂ ಆ ದೃಶ್ಯ ಅಲ್ಲಿಗೇ ಬಿಟ್ಟು ಮುಂದೆ ಹೋಗುವುದು.

ಇನ್ನೊಂದು ಮಾತನ್ನೂ ಅವತ್ತೇ ಮುಗಿಸಿಕೊಳ್ಳಿ. ಹಳೇ ವೆಸ್ಟರ್ನ್ ಕಥೆಗಳಲ್ಲಿ ಅಲ್ಲಿನ ಮೂಲನಿವಾಸಿಗಳು ಒಂದೋ ರಾಕ್ಷಸರು, ಇಲ್ಲವೇ ಮಾಟಗಾರರು. ‘ಅವರ ಸ್ಮಶಾನದ ಮೇಲೆ ಮನೆ ಕಟ್ಟಿದ್ದಕ್ಕೆ ಶಾಪ’ ಎಂಬುದು ಸವೆದು ಹೋದ ಸರಕು. ಕೈಬಿಡಿ. 1864ರ ನವೆಂಬರ್ 29ರಂದು ಕೊಲರಾಡೊದ ಸ್ಯಾಂಡ್ ಕ್ರೀಕ್‌ನಲ್ಲಿ, ಶಾಂತಿ ಒಪ್ಪಿ ಬೀಡುಬಿಟ್ಟಿದ್ದ ಷಯೆನ್ ಮತ್ತು ಅರಪಾಹೊ ಜನರ ಮೇಲೆ ಸೈನಿಕರು ಬಿದ್ದರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಅಲ್ಲಿ ಭೂತ ಯಾರು ಎಂದು ನೀವೇ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರಿನಲ್ಲಿ ಊರುಗಳು ಮುಳುಗಿದ್ದನ್ನು ಮನೆಯಲ್ಲಿ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆಲ ಕಳೆದುಕೊಂಡವರನ್ನೇ ದೆವ್ವ ಮಾಡಿ ಕಥೆ ಹೇಳುವವರು ಸಾಮಾನ್ಯವಾಗಿ ನೆಲ ತೆಗೆದುಕೊಂಡವರು.

ಹಂತ 3: ಪಾತ್ರಗಳು

ಎಲ್ಲರೂ ಬಿಳಿ ಕೌಬಾಯ್ ಆಗಬೇಕಿಲ್ಲ. ಇತಿಹಾಸ ಹಾಗಿರಲೂ ಇಲ್ಲ. ದನ ಕಾಯುವ ಕಸುಬನ್ನು ಅಲ್ಲಿಗೆ ತಂದವರೇ ಮೆಕ್ಸಿಕನ್ ವಕೇರೋಗಳು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಬಹಳ ಮಂದಿ ಆ ಕೆಲಸದಲ್ಲಿದ್ದರು. 1869ರ ಮೇ 10ರಂದು ಯೂಟಾದಲ್ಲಿ ಪೂರ್ವ ಪಶ್ಚಿಮದ ರೈಲು ಹಳಿಗಳು ಕೂಡಿದವಲ್ಲ, ಪಶ್ಚಿಮ ಕಡೆಯಿಂದ ಬೆಟ್ಟ ಕೊರೆದು ಹಳಿ ಹಾಕಿದವರಲ್ಲಿ ಸಾವಿರಾರು ಚೀನೀ ಕೂಲಿಗಳಿದ್ದರು.

ಹಿನ್ನೆಲೆ ಕಥೆ ಬರೆಸಬೇಡಿ, ಯಾರೂ ಓದುವುದಿಲ್ಲ. ಒಂದೇ ಪ್ರಶ್ನೆ ಸಾಕು: ‘ಈ ಊರಲ್ಲಿ ನಿನ್ನ ಮೇಲೆ ಯಾರ ಋಣ ಇದೆ?’ ಉತ್ತರದಲ್ಲಿ ಬರುವ ಹೆಸರನ್ನು ನಿಮ್ಮ ಹಾಳೆಯಲ್ಲಿ ಬರೆದುಕೊಳ್ಳಿ. ಮೊದಲು ಕಾಣೆಯಾಗುವುದು ಅವರೇ.

ಹಂತ 4: ದೂರವನ್ನು ಕಟ್ಟಿ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಹೊಸ ಗೇಮ್ ಮಾಸ್ಟರ್‌ಗಳು ತಪ್ಪುವುದು ಇಲ್ಲೇ. ಅವರು ದೆವ್ವಕ್ಕೆ ಹತ್ತು ಪುಟ ಕೊಡುತ್ತಾರೆ, ದಾರಿಗೆ ಒಂದು ಸಾಲೂ ಕೊಡುವುದಿಲ್ಲ.

ಮಲೆನಾಡಿನವರಿಗೆ ಒಂಟಿಮನೆ ಹೊಸದಲ್ಲ. ತೋಟದ ನಡುವೆ ಒಂದು ಮನೆ, ಮುಂದಿನ ಮನೆ ಗುಡ್ಡದ ಆಚೆ, ನಡುವೆ ಹಳ್ಳ. ಮಳೆಗಾಲದಲ್ಲಿ ಸಂಕ ಕೊಚ್ಚಿಹೋದರೆ ಕೂಗಿದರೂ ಕೇಳದು. ಅಮೆರಿಕದ ಪಶ್ಚಿಮದ ಒಂಟಿಮನೆಗಳದ್ದೂ ಇದೇ ಪಾಡು. ಆದರೆ ಒಂದು ವ್ಯತ್ಯಾಸವನ್ನು ಮನಸ್ಸಿಗೆ ತಂದುಕೊಳ್ಳಿ. ನಮ್ಮ ಭಯ ಕಾಣದಿರುವುದರದ್ದು: ಮಂಜು, ಕಾನು, ತಿರುವು. ಅಲ್ಲಿಯದು ಕಾಣುವುದರದ್ದು. ಬಟಾಬಯಲು. ಬಹಳ ದೂರದಲ್ಲಿ ಬರುವವನೂ ಈಗಲೇ ಕಾಣುತ್ತಾನೆ. ಅವನು ನಡೆದೇ ಬರುತ್ತಿದ್ದಾನೆ. ಮಧ್ಯಾಹ್ನ ನೋಡಿದಾಗ ಎಷ್ಟು ದೂರ ಇದ್ದನೋ ಸಂಜೆಯೂ ಅಷ್ಟೇ ದೂರ ಇದ್ದಾನೆ. ಆಟಗಾರರಿಗೆ ಇದನ್ನು ಹೇಳಿ ಸುಮ್ಮನೆ ಕೂತು ನೋಡಿ.

ದೂರವನ್ನು ಯಾವಾಗಲೂ ದಿನದಲ್ಲಿ ಹೇಳಿ. ಸವಾರನೊಬ್ಬ ಕುದುರೆಯನ್ನು ಕೊಲ್ಲದೆ ದಿನಕ್ಕೆ 50ರಿಂದ 60 ಕಿ.ಮೀ. ಹೋಗಬಹುದು. ಅಂದರೆ ಶಿವಮೊಗ್ಗದಿಂದ ಹೊರಟವನಿಗೆ ಸಾಗರ ಮುಟ್ಟುವ ಮುಂಚೆ ದಾರಿಯಲ್ಲೊಂದು ರಾತ್ರಿ. ದನದ ಹಿಂಡಾದರೆ ದಿನಕ್ಕೆ 20 ಕಿ.ಮೀ. ಆಚೀಚೆ. ನಮ್ಮ ದಾರಿಯ ಹೋಲಿಕೆ ಕೊಟ್ಟರೆ ಆಟಗಾರರ ಮೈಗೆ ದೂರ ತಟ್ಟುತ್ತದೆ. ಮೈಲಿ ಲೆಕ್ಕ ಯಾರ ಮೈಗೂ ತಟ್ಟದು.

ತಂತಿ ಕಚೇರಿಯನ್ನು ಹಾಳುಮಾಡಬೇಡಿ. 1861ರ ಹೊತ್ತಿಗೇ ಕರಾವಳಿಯಿಂದ ಕರಾವಳಿಗೆ ಟೆಲಿಗ್ರಾಫ್ ತಂತಿ ಎಳೆದಾಗಿತ್ತು. ‘ತಂತಿ ಕಡಿದಿದೆ’ ಎಂಬುದು ಈಗಿನ ‘ನೆಟ್‌ವರ್ಕ್ ಇಲ್ಲ’ ಎಂಬುದರ ಅಜ್ಜ, ಕೇಳಿದವರಿಗೆಲ್ಲ ಸಾಕಾಗಿದೆ. ಅದರ ಬದಲು ತಂತಿ ಹೋಗಲಿ, ಉತ್ತರವೂ ಬರಲಿ: ‘ಹೊರಟಿದ್ದೇವೆ. ಒಂಬತ್ತು ದಿನ.’

ಹಂತ 5: ಕೇಡಿಗೆ ಒಂದು ಕಟ್ಟಳೆ

ಕೇಡು ಏನು ಬೇಕಾದರೂ ಮಾಡಬಲ್ಲದಾದರೆ ಆಟಗಾರರು ಕೈಚೆಲ್ಲುತ್ತಾರೆ. ನಮ್ಮ ಕಡೆ ಹಳಬರು ಹೇಳುವುದಿಲ್ಲವೇ, ರಾತ್ರಿ ಯಾರಾದರೂ ಹೊರಗಿಂದ ಹೆಸರು ಹಿಡಿದು ಕರೆದರೆ ಮೊದಲ ಕೂಗಿಗೆ ಓಗೊಡಬೇಡ, ಅದು ಒಂದೇ ಸಲ ಕರೆಯುತ್ತದೆ ಎಂದು? ಕಟ್ಟಳೆ ಎಂದರೆ ಅದು. ತಿಳಿದವನು ಬದುಕುತ್ತಾನೆ. ತಿಳಿಯದವನಿಗೆ ಸ್ವಂತ ಅಮ್ಮ ಕರೆದರೂ ಸಂಶಯ.

ಹಾಗೆಂದು ನಮ್ಮ ಚೌಡಿಯನ್ನೋ ಕೊಳ್ಳಿದೆವ್ವವನ್ನೋ ಎತ್ತಿ ಟೆಕ್ಸಸ್‌ನಲ್ಲಿ ಇಳಿಸಬೇಡಿ. ಚೌಡಿಗೆ ಅವಳ ಬನ ಇದೆ, ಅವಳ ಕಲ್ಲು ಇದೆ. ಆ ನೆಲ ಬಿಟ್ಟರೆ ಅವಳು ಬರೀ ಒಂದು ಹೆಸರು. ಕೇಡು ಆ ಜಾಗದ ಕಸುಬಿನಿಂದ, ಆ ಜಾಗದ ಕಾಯಿಲೆಯಿಂದ ಹುಟ್ಟಬೇಕು. ನಾನು ಹತ್ತು ಸಲವಾದರೂ ಆಡಿಸಿರುವ ಒಂದು ಪ್ರಸಂಗವನ್ನೇ ಬಿಚ್ಚಿಡುತ್ತೇನೆ, ಬೇಕಾದರೆ ಎತ್ತಿಕೊಳ್ಳಿ.

ಅಂತರ್ಯುದ್ಧದ ನಂತರ ಟೆಕ್ಸಸ್‌ನ ಉದ್ದ ಕೊಂಬಿನ ದನಗಳನ್ನು ಉತ್ತರಕ್ಕೆ, ಕ್ಯಾನ್ಸಸ್‌ನ ರೈಲು ನಿಲ್ದಾಣಗಳಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಆ ಹಿಂಡುಗಳಿಗೆ ಏನೂ ಆಗುತ್ತಿರಲಿಲ್ಲ. ಆದರೆ ಅವು ಹಾದುಹೋದ ದಾರಿಯಲ್ಲಿದ್ದ ಊರ ದನಗಳು ಕೆಲವು ವಾರ ಕಳೆದು ಸಾಲಾಗಿ ಸಾಯುತ್ತಿದ್ದವು. ರೈತರು ಬಂದೂಕು ಹಿಡಿದು ದಾರಿಗೆ ಅಡ್ಡ ನಿಂತರು, ಕ್ಯಾನ್ಸಸ್ ಸರ್ಕಾರ ‘ಈ ಗೆರೆ ದಾಟಬಾರದು’ ಎಂದು ನಿಷೇಧದ ಗೆರೆ ಎಳೆಯಿತು. ಟೆಕ್ಸಸ್ ಜ್ವರ ಎಂದು ಅದಕ್ಕೆ ಹೆಸರು. ಅದನ್ನು ದನದಿಂದ ದನಕ್ಕೆ ದಾಟಿಸುವುದು ಉಣುಗು ಎಂದು ವಿಜ್ಞಾನಿಗಳು ಪ್ರಕಟಿಸಿದ್ದು 1893ರಲ್ಲಿ. ಅಲ್ಲಿಯವರೆಗೆ ಜನರಿಗೆ ಕಂಡದ್ದು ಇಷ್ಟೇ: ಆರೋಗ್ಯವಾಗಿರುವ ಒಂದು ಹಿಂಡು, ಅದರ ಹಿಂದೆ ಸಾವು.

ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಹೆಸರು ಕೇಳಿದವರಿಗೆ ಇಲ್ಲಿ ಮೈ ಜುಮ್ಮೆನ್ನಬೇಕು. 1957ರಲ್ಲಿ ಅಲ್ಲಿ ಮೊದಲು ಮಂಗಗಳು ಸತ್ತು ಬಿದ್ದವು, ಹಿಂದೆಯೇ ಮನುಷ್ಯರಿಗೆ ಜ್ವರ. ಅದರ ಹಿಂದಿದ್ದದ್ದೂ ಉಣುಗೇ. ‘ಕಾಡಲ್ಲಿ ಮಂಗ ಸತ್ತಿದೆಯಂತೆ’ ಎಂಬ ಒಂದು ಸಾಲಿಗೆ ನಮ್ಮ ಕಡೆ ಇವತ್ತಿಗೂ ಮನೆಯವರೆಲ್ಲ ತಲೆ ಎತ್ತುತ್ತಾರೆ. ಸೂಚನೆ ಎಂದರೆ ಹೀಗಿರಬೇಕು: ಸಣ್ಣದು, ದೂರದ್ದು, ಮನುಷ್ಯನಿಗೆ ಇನ್ನೂ ಏನೂ ಆಗದಿರುವಂಥದ್ದು.

ನನ್ನ ಪ್ರಸಂಗ 1874ರ ಬೇಸಿಗೆಯದು, ಕ್ಯಾನ್ಸಸ್‌ನ ಒಂದು ಕಲ್ಪಿತ ಊರಿನಲ್ಲಿ. ಹಿಂಡು ಹಾದುಹೋಗಿ ಮೂರು ವಾರ. ಹಿಂಡಿನ ಅಡುಗೆಯವನು ಕಾಲು ಮುರಿದುಕೊಂಡು ಇಲ್ಲೇ ಉಳಿದಿದ್ದಾನೆ. ಒಬ್ಬ ವಿಧವೆ ಕೋಣೆ ಕೊಟ್ಟಿದ್ದಾಳೆ. ಒಳ್ಳೆಯ ಮನುಷ್ಯ, ಅಡುಗೆ ಚೆನ್ನಾಗಿ ಮಾಡುತ್ತಾನೆ, ಎಲ್ಲರೂ ಊಟಕ್ಕೆ ಕರೆಯುತ್ತಾರೆ. ಅವನು ಒಂದು ತಿಂಗಳ ಹಿಂದೆ ಹೊಳೆ ದಾಟುವಾಗ ಮುಳುಗಿ ಸತ್ತಿದ್ದಾನೆ. ಅದು ಅವನಿಗೇ ಗೊತ್ತಿಲ್ಲ. ಕಟ್ಟಳೆ: ಅವನ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಉಂಡವರು ಒಬ್ಬೊಬ್ಬರಾಗಿ ರಾತ್ರಿ ಎದ್ದು ಹಿಂಡು ಹೋದ ಕಡೆಗೆ, ಉತ್ತರಕ್ಕೆ, ನಡೆದು ಹೋಗುತ್ತಾರೆ. ಬಿಡುಗಡೆ: ಅವನು ತಾನಾಗಿ ಆ ಹೊಳೆಗೆ ಮರಳಬೇಕು. ನೇಣು ಹಾಕಿದರೆ ಆಗದು, ಗುಂಡು ಹೊಡೆದರೆ ಆಗದು.

ಗಮನಿಸಿ, ಇಲ್ಲಿ ಹೊಡೆಯಲು ಯಾರೂ ಇಲ್ಲ. ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡ ನಾಲ್ಕು ಜನಕ್ಕೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ. ಕೊನೆಗೆ ಅವನೆದುರು ಕೂತು ‘ನೀನು ಸತ್ತಿದ್ದೀಯ’ ಎಂದು ಯಾರೋ ಒಬ್ಬರು ಹೇಳಲೇಬೇಕು.

ಹಂತ 6: ಸುಳಿವುಗಳನ್ನು ದಾಳದ ಹಿಂದೆ ಬಚ್ಚಿಡಬೇಡಿ

ಮೊದಲ ಆಟದಲ್ಲಿ ಡೈರಿಯೊಂದನ್ನು ಕಪಾಟಿನಲ್ಲಿಟ್ಟು ‘ಕಣ್ಣಿನ ದಾಳ ಹಾಕು’ ಎಂದೆ. ನಾಲ್ವರೂ ಸೋತರು. ಕಥೆ ಕಪಾಟಿನಲ್ಲೇ ಉಳಿಯಿತು. ಈಗ ನನ್ನ ಪದ್ಧತಿ: ಹುಡುಕಿದರೆ ಸುಳಿವು ಸಿಗುತ್ತದೆ, ದಾಳ ಹೇಳುವುದು ಅದಕ್ಕೆ ಏನು ತೆತ್ತಿರಿ ಎಂಬುದನ್ನು. ಕತ್ತಲಾಯಿತೇ, ಯಾರಾದರೂ ನೋಡಿದರೇ, ಲಾಟೀನಿನ ಎಣ್ಣೆ ಮುಗಿಯಿತೇ?

ಮುಖ್ಯ ಸತ್ಯ ಒಂದಕ್ಕೆ ಕಡಿಮೆಯೆಂದರೂ ಮೂರು ದಾರಿ ಇಡಿ. ಅಡುಗೆಯವನೇ ಮೂಲ ಎಂಬುದಕ್ಕೆ ನಾನಿಟ್ಟಿರುವುದು ಇವು. ವೈದ್ಯನ ಪುಸ್ತಕದಲ್ಲಿ ಕಾಣೆಯಾದವರ ಮನೆಗಳ ಪಟ್ಟಿಯಿದೆ, ಎಲ್ಲ ಮನೆಯಲ್ಲೂ ಆ ವಾರ ಅವನಿಗೆ ಊಟವಾಗಿತ್ತು. ವಿಧವೆಯ ನಾಯಿ ಮೂರು ವಾರದಿಂದ ಅಂಗಳ ತುಳಿದಿಲ್ಲ, ಬೇಲಿಯಾಚೆ ಮಲಗುತ್ತದೆ. ಮೂರನೆಯದು ಅವನ ಬಾಯಿಂದಲೇ: ದಾರಿಯಲ್ಲಿ ಯಾವ್ಯಾವ ಊರಲ್ಲಿ ಉಂಡೆ ಎಂದು ಖುಷಿಯಿಂದ ಹೇಳುತ್ತಾನೆ, ಆ ಊರುಗಳಿಗೆ ತಂತಿ ಕಳಿಸಿದರೆ ಯಾವುದರಿಂದಲೂ ಉತ್ತರವಿಲ್ಲ. ಮೂರು ಇಟ್ಟರೆ ಆಟಗಾರರು ಒಂದನ್ನು ತಪ್ಪಿಸಿಕೊಳ್ಳುತ್ತಾರೆ, ಒಂದನ್ನು ತಪ್ಪು ಅರ್ಥ ಮಾಡಿಕೊಳ್ಳುತ್ತಾರೆ, ಒಂದನ್ನು ಹಿಡಿಯುತ್ತಾರೆ. ಸಾಕು.

ಇದರ ಜೊತೆಗೆ, ಆಟಗಾರರು ಏನೂ ಮಾಡದಿದ್ದರೆ ಏನಾಗುತ್ತದೆ ಎಂದು ನಾಲ್ಕು ಸಾಲು ಬರೆದಿಡಿ. ಮೊದಲ ದಿನ ಕಮ್ಮಾರನ ಹಸುಗಳು. ಎರಡನೇ ರಾತ್ರಿ ಕಮ್ಮಾರ. ಮೂರನೇ ದಿನ ಊರವರಿಗೆ ಅಡುಗೆಯವನ ಮೇಲೆ ಸಂಶಯ. ನಾಲ್ಕನೇ ದಿನ ನೇಣು, ಅದೇ ರಾತ್ರಿ ಊರಿಗೆ ಊರೇ ಉತ್ತರಕ್ಕೆ. ನನ್ನ ತಯಾರಿ ಈಗ ಒಂದೇ ಪುಟ. ಇಪ್ಪತ್ತಾರು ಪುಟದ ಹೊರೆ ಇಳಿದಿದೆ.

ಹಂತ 7: ಅಜ್ಜಿಯಂತೆ ಹೇಳಿ

ನನ್ನ ಅಜ್ಜಿ ಹೇಳಿದ ದೆವ್ವದ ಕಥೆಗಳನ್ನು ಎಷ್ಟೋ ಸಲ ನೆನಪಿಸಿಕೊಂಡಿದ್ದೇನೆ. ಒಂದರಲ್ಲೂ ಅವಳು ದೆವ್ವವನ್ನು ವರ್ಣಿಸಿಲ್ಲ. ಯಾರು ಹೋದದ್ದು, ಯಾವ ವಾರ, ಹೆಗಲ ಮೇಲೆ ಏನಿತ್ತು, ಯಾವ ಹಳ್ಳದ ಹತ್ತಿರ ಎಡವಿದ, ಬೆಳಿಗ್ಗೆ ಅವನ ಕಂಬಳಿ ಎಷ್ಟು ಎತ್ತರದ ಕೊಂಬೆಯಲ್ಲಿತ್ತು, ಇದೆಲ್ಲ ಕರಾರುವಾಕ್ಕು. ನಡುವೆ ಏನಾಯಿತು ಎಂಬಲ್ಲಿ ಮಾತ್ರ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಸುತ್ತ ಎಲ್ಲ ತುಂಬಿಸಿ ನಡುವೆ ಖಾಲಿ ಬಿಡುವ ಈ ವಿದ್ಯೆಗಿಂತ ದೊಡ್ಡದನ್ನು ನಾನು ಯಾವ ರೂಲ್ಸ್ ಬುಕ್‌ನಲ್ಲೂ ಕಂಡಿಲ್ಲ.

‘ಕೆಂಪು ಕಣ್ಣು, ಕೋರೆಹಲ್ಲು, ಮೈತುಂಬ ರಕ್ತ’ ಎಂದರೆ ಆಟಗಾರರು ದಾಳ ಹುಡುಕುತ್ತಾರೆ. ಅದರ ಬದಲು ಹೀಗೆ: ‘ಕಮ್ಮಾರನ ಹೆಂಡತಿ ಬಾಗಿಲು ತೆಗೆದಳು. ಒಳಗೆ ಮೇಜಿನ ಮೇಲೆ ಐದು ತಟ್ಟೆ ಬಡಿಸಿಟ್ಟಿದೆ. ಈಗ ಮನೆಯಲ್ಲಿರುವುದು ಅವಳೊಬ್ಬಳೇ. ಐದೂ ತಟ್ಟೆಯಿಂದ ಹಬೆ ಏಳುತ್ತಿದೆ.’ ನಿಲ್ಲಿಸಿ. ಪ್ರಶ್ನೆ ಅವರಿಂದ ಬರಲಿ.

ಒಂದು ದೃಶ್ಯಕ್ಕೆ ಒಂದೇ ವಿವರ ತಪ್ಪಿರಲಿ, ಉಳಿದದ್ದೆಲ್ಲ ಸರಿಯಿರಲಿ. ಅದು ಕೇಳುವವರ ಮನೆಯ ನಂಬಿಕೆಗೆ ತಾಗಿದರೆ ಇನ್ನೂ ಒಳ್ಳೆಯದು. ನನ್ನ ಪ್ರಸಂಗದ ಮೊದಲ ದೃಶ್ಯದಲ್ಲಿ ಹೊಲದ ತುಂಬ ಸತ್ತ ಹಸುಗಳು. ಒಂದರ ಮೇಲೂ ಗಾಯವಿಲ್ಲ. ಎಲ್ಲವೂ ಉತ್ತರಕ್ಕೆ ತಲೆ ಹಾಕಿ ಮಲಗಿವೆ. ಕ್ಯಾನ್ಸಸ್‌ನ ರೈತನಿಗೆ ಅದು ಒಂದು ದಿಕ್ಕು. ಉತ್ತರಕ್ಕೆ ತಲೆ ಹಾಕಿದ್ದಕ್ಕೆ ಚಿಕ್ಕಂದಿನಲ್ಲಿ ಬೈಸಿಕೊಂಡು ಬೆಳೆದ ನಮ್ಮ ಹುಡುಗರಿಗೆ ಅದಷ್ಟೇ ಅಲ್ಲ.

ಮಾತಿನ ಬಗ್ಗೆಯೂ ಒಂದು ಮಾತು. ಸಿನಿಮಾದ ಡಬ್ಬಿಂಗ್ ಕನ್ನಡ ಬೇಡ. ನನ್ನ ಶೆರಿಫ್‌ಗೆ ನಮ್ಮೂರ ಕಡೆಯ ಹಳೇ ಸೊಸೈಟಿ ಕಾರ್ಯದರ್ಶಿಯೊಬ್ಬರ ದನಿ: ‘ಅದೆಲ್ಲ ಆಮೇಲೆ ನೋಡನ, ಮೊದ್ಲು ಕೂತ್ಕಳಿ.’ ವಿಧವೆ ಅತಿಥಿಗಳಿಗೆ ಹೇಳುವುದು ‘ಕೈಕಾಲು ತೊಳ್ಕಂಡ್ ಬನ್ನಿ, ಬಡಿಸ್ತೀನಿ.’ ಇಡೀ ಪ್ರಸಂಗದಲ್ಲಿ ನನ್ನ ಆಟಗಾರರು ಅತಿ ಹೆಚ್ಚು ಹೆದರುವ ಸಾಲು ಅದೇ. ನಮ್ಮಲ್ಲಿ ಊಟಕ್ಕೆ ಕರೆದಾಗ ಬೇಡವೆನ್ನುವುದು ಎಷ್ಟು ಕಷ್ಟ ಎಂದು ಎಲ್ಲರಿಗೂ ಗೊತ್ತು.

ಹಂತ 8: ಗುಂಡು, ಹೊಗೆ, ಎಲೆ

ಪ್ರತಿ ಆಟಗಾರನ ಮುಂದೆ ಒಂದು ಸ್ಟೀಲ್ ಲೋಟ, ಅದರಲ್ಲಿ ಐದು ಹುಣಸೆ ಬೀಜ. ಗುಂಡು ಹಾರಿಸಿದಾಗಲೆಲ್ಲ ಒಂದನ್ನು ತೆಗೆದು ಮೇಜಿನ ಮೇಲೆ ಹಾಕಬೇಕು. ಹಾಳೆಯಲ್ಲಿ ಗೀಟು ಹೊಡೆಯುವುದಕ್ಕೂ ಇದಕ್ಕೂ ಅಜಗಜಾಂತರ. ಖಾಲಿ ಲೋಟ ಅಲ್ಲಾಡಿಸಿ ನೋಡಿದವನ ಮುಖವನ್ನು ಎಲ್ಲರೂ ನೋಡುತ್ತಾರೆ.

ಆರು ಗುಂಡಿನ ಪಿಸ್ತೂಲಿಗೆ ಐದೇ ಏಕೆ? 1873ರಲ್ಲಿ ಬಂದ ಕೋಲ್ಟ್ ರಿವಾಲ್ವರಿನ ಹ್ಯಾಮರ್ (ಗುಂಡನ್ನು ಬಡಿದು ಸಿಡಿಸುವ ಸುತ್ತಿಗೆ) ಗುಂಡು ತುಂಬಿದ ಮನೆಯ ಮೇಲೆ ಕೂತಿದ್ದರೆ, ಪೆಟ್ಟು ಬಿದ್ದಾಗ ತಾನೇ ಹಾರುವ ಅಪಾಯವಿತ್ತು. ಅದಕ್ಕೇ ಬಹಳ ಜನ ಒಂದು ಮನೆ ಖಾಲಿ ಬಿಡುತ್ತಿದ್ದರು. ಮತ್ತೆ ತುಂಬುವುದೂ ಪಕ್ಕದ ಸಣ್ಣ ಕಿಂಡಿಯಿಂದ ಒಂದೊಂದೇ. ಹಾಗಾಗಿ ನನ್ನ ಆಟದಲ್ಲಿ ಒಂದು ಸರದಿಗೆ ಎರಡು ಬೀಜ ಮಾತ್ರ ಲೋಟಕ್ಕೆ ಮರಳುತ್ತವೆ.

ಇನ್ನೊಂದು ಸಂಗತಿಯನ್ನು ಸಿನಿಮಾಗಳು ಮರೆಸಿವೆ. ಹೊಗೆರಹಿತ ಮದ್ದು ಫ್ರಾನ್ಸ್‌ನಲ್ಲಿ ತಯಾರಾದದ್ದೇ 1884ರಲ್ಲಿ. ಅದಕ್ಕೂ ಮುಂಚಿನದೆಲ್ಲ ಕಪ್ಪು ಮದ್ದು. ಮುಚ್ಚಿದ ಕೋಣೆಯಲ್ಲಿ ನಾಲ್ಕು ಗುಂಡು ಹಾರಿದರೆ ಬಿಳಿ ಹೊಗೆ ತುಂಬಿ ಎದುರಿನವನು ಕಾಣುವುದಿಲ್ಲ, ಕಿವಿ ಗುಂಯ್ ಎನ್ನುತ್ತದೆ. ಅಂದರೆ ಹೆದರಿ ಗುಂಡು ಹಾರಿಸಿದಷ್ಟೂ ಕುರುಡರಾಗುತ್ತೀರಿ. ಇದಕ್ಕಿಂತ ಒಳ್ಳೆಯ ಹಾರರ್ ನಿಯಮವನ್ನು ಕೂತು ಯೋಚಿಸಿದರೂ ಹುಟ್ಟಿಸಲಾಗದು.

ಇಸ್ಪೀಟ್ ಎಲೆ ನನಗೆ ರಾತ್ರಿಯ ಗಡಿಯಾರ. 1876ರ ಆಗಸ್ಟ್ 2ರಂದು ಡೆಡ್‌ವುಡ್ ಎಂಬ ಗಣಿ ಊರಿನಲ್ಲಿ ಹೆಸರಾಂತ ಬಂದೂಕುಗಾರ ವೈಲ್ಡ್ ಬಿಲ್ ಹಿಕಾಕ್‌ನನ್ನು ಇಸ್ಪೀಟ್ ಆಡುತ್ತಿದ್ದಾಗ ಹಿಂದಿನಿಂದ ಗುಂಡಿಟ್ಟು ಕೊಂದರು. ಅವನ ಕೈಯಲ್ಲಿದ್ದದ್ದು ಕಪ್ಪು ಎಕ್ಕಗಳು ಮತ್ತು ಕಪ್ಪು ಎಂಟುಗಳು ಎಂದು ಪ್ರತೀತಿ. ಕತ್ತಲಾದ ಮೇಲೆ ಕಥೆಯಲ್ಲಿ ಒಂದೊಂದು ಗಂಟೆ ಕಳೆದಾಗಲೂ ಒಬ್ಬರು ಒಂದು ಎಲೆ ಎತ್ತಬೇಕು. ಇಸ್ಪೀಟಿನ ಅಥವಾ ಕಳಾವರದ ಎಕ್ಕವೋ ಎಂಟೋ ಬಂದರೆ ಊರಲ್ಲಿ ಏನೋ ನಡೆಯಿತು. 52ರಲ್ಲಿ ನಾಲ್ಕೇ ಎಲೆ, ಆದರೆ ಎತ್ತಿದ್ದನ್ನು ಕಟ್ಟಿಗೆ ಮರಳಿಸುವುದಿಲ್ಲ. ಬಾರದೆ ಹೋದಷ್ಟೂ ಮುಂದಿನ ಎಲೆ ಎತ್ತುವ ಕೈ ಭಾರವಾಗುತ್ತದೆ.

ಹಂತ 9: ಆ ದಿನದ ಮಟ್ಟಿಗೆ

ನಾಲ್ಕು ಜನ, ಮೂರು ಗಂಟೆ. ಐದನೆಯವನು ಬಂದರೆ ಭಯ ಹಂಚಿಹೋಗುತ್ತದೆ. ಫೋನ್‌ಗಳು ಬೇರೆ ಕೋಣೆಯಲ್ಲಿ. ಹಿನ್ನೆಲೆ ಸಂಗೀತ ಬೇಡ, ಮಳೆ ಇದ್ದರೆ ಇರಲಿ. ನಾನೀಗ ಮಳೆಗಾಲದಲ್ಲಿ ಬರಗಾಲದ ಕಥೆ ಹೇಳುವುದಿಲ್ಲ, ಅಷ್ಟು ಬುದ್ಧಿ ಬಂದಿದೆ. ಕ್ಯಾನ್ಸಸ್‌ನಲ್ಲಿ ಬೇಸಿಗೆಯ ಗುಡುಗು ಮಳೆ ಹೊಸದೇನಲ್ಲ.

ಆಟಗಾರರು ನಗುತ್ತಾರೆ. ತಡೆಯಬೇಡಿ. ಹೆದರಿದವರೇ ಜೋರಾಗಿ ನಗುವುದು. ನಗು ತಾನಾಗಿ ಮುಗಿಯುವವರೆಗೆ ಕಾದು, ದನಿ ಏರಿಸದೆ, ಬಿಟ್ಟಲ್ಲಿಂದ ಮುಂದುವರಿಸಿ. ಒಂದೂವರೆ ಗಂಟೆಗೆ ಕಾಫಿ ಬಿಡುವು ಕೊಡಿ, ಆದರೆ ಬಾಗಿಲು ತಟ್ಟಿದ ಸದ್ದಾದ ಮೇಲೆ ಕೊಡಿ, ಬಾಗಿಲು ತೆಗೆಯುವ ಮುಂಚೆ.

ಪಾತ್ರ ಸಾಯಬಹುದೇ? ಸಾಯಬಹುದು, ಆದರೆ ಒಂದೇ ಕೆಟ್ಟ ದಾಳಕ್ಕಲ್ಲ. ಮೊದಲು ಏನಾದರೊಂದು ಕಳೆದುಕೊಳ್ಳುವ ಆಯ್ಕೆ ಕೊಡಿ: ಕುದುರೆ, ಬಲಗೈಯ ಎರಡು ಬೆರಳು, ಋಣವಿದ್ದ ಆ ಮನುಷ್ಯ. ಆಯ್ದುಕೊಂಡವರು ಅವರೇ ಆದ್ದರಿಂದ ಬಹಳ ದಿನ ನೆನಪಿರುತ್ತದೆ.

ಮುಗಿದ ಮೇಲೆ ಹತ್ತು ನಿಮಿಷ ದೀಪ ಹಾಕಿ ಸುಮ್ಮನೆ ಹರಟಿ. ಎಲ್ಲಿ ಬೇಜಾರಾಯಿತು ಎಂದು ಕೇಳಿ, ಎಲ್ಲಿ ಹೆದರಿಕೆಯಾಯಿತು ಎಂದು ಕೇಳಬೇಡಿ. ಅದನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ. ಹಿಂಡಿನ ಪ್ರಸಂಗವನ್ನು ಮೊದಲ ಸಲ ಆಡಿಸಿದ ರಾತ್ರಿ ಹೇಸರಗತ್ತೆಯ ಗಿರಾಕಿ ‘ಅಷ್ಟೇನ್ ಭಯ ಆಗ್ಲಿಲ್ಲ ಬಿಡು’ ಎಂದು ಬೈಕ್ ಹತ್ತಿ ಹೋದ. ಹನ್ನೆರಡೂವರೆಗೆ ಫೋನು ಬಂತು.

‘ಮಲಗಿದ್ಯನಾ?’

‘ಇಲ್ಲ. ಎಂತಕ್ಕೆ?’

‘ಎಂತಿಲ್ಲ. ನನ್ ಮಂಚ ತಿರುಗಿಸ್ತಾ ಇದೀನಿ. ಈ ಫೋನಲ್ಲಿ ದಿಕ್ಕು ನೋಡದು ಎಲ್ಲಿ ಮಾರಾಯಾ?’